ನನ್ನ ಬೆನ್ನಿಗಿದ್ದ ಕಣ್ಣು

ಕಾಪುವಿನ ಹೆದ್ದಾರಿಗೆ ಆಗ ಇನ್ನೂ ಎರಡೇ ಸಾಲು. ಅದನ್ನು ನಾಲ್ಕು ಸಾಲು ಮಾಡಲು ಬಂದವರಲ್ಲಿ ನನ್ನ ಅಪ್ಪನೂ ಒಬ್ಬ. ಆ ದಿನಗಳಲ್ಲಿ ನೀವು ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋದವರಾದರೆ ನಮ್ಮ ಮನೆಯನ್ನು ಖಂಡಿತ ನೋಡಿದ್ದೀರಿ. ರಸ್ತೆಯ ಪಕ್ಕ ಸಾಲಾಗಿ ತಗಡಿನ ಶೆಡ್ಡುಗಳು, ಮೇಲೆ ನೀಲಿ ಟಾರ್ಪಾಲು, ಮುಂದೆ ಎಷ್ಟು ಹೊತ್ತಾದರೂ ಒಣಗದ ಬಟ್ಟೆ. ಎಡಗಡೆಯಿಂದ ಮೂರನೆಯದು ನಮ್ಮದು. ಬಸ್ಸಿನ ಕಿಟಕಿ ಎಳೆದುಕೊಂಡು "ಎಂಥ ಧೂಳು ಮಾರಾಯ್ರೇ, ಯಾವಾಗ ಮುಗೀತದೋ ಇವರ ಕೆಲಸ" ಎಂದು ನೀವು ಬೈದಿದ್ದರೆ ಆ ಬೈಗುಳದಲ್ಲಿ ನಮ್ಮಪ್ಪನ ಪಾಲೂ ಇದೆ.

ನಾವು ಕೊಪ್ಪಳದ ಕಡೆಯವರು. ರಸ್ತೆ ಎಲ್ಲಿಗೋ ನಾವು ಅಲ್ಲಿಗೆ. ಎಂಟನೆಯ ತರಗತಿಗೆ ಬರುವಷ್ಟರಲ್ಲಿ ನಾನು ಐದನೆಯ ಶಾಲೆ ನೋಡುತ್ತಿದ್ದೆ. ಯಾವ ಶಾಲೆಗೆ ಹೋದರೂ ಕೊನೆಯ ಬೆಂಚು ನನ್ನದು. ನನಗೆ ರೇಣುಕಾ ಎಂಬ ಒಳ್ಳೆಯ ಹೆಸರಿದ್ದರೂ ಎಲ್ಲರಿಗೂ ನಾನು 'ರೋಡಿನವರ ಹುಡುಗಿ'. ಕಾಪುವಿನ ಶಾಲೆಯಲ್ಲಂತೂ ಇನ್ನೊಂದು ಫಜೀತಿ. ಪಾಠ ಮಾತ್ರ ಕನ್ನಡದಲ್ಲಿ, ಬೆಲ್ ಹೊಡೆದ ಕೂಡಲೇ ಎಲ್ಲರೂ ತುಳುವಿಗೆ ಹೊರಳುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ಅವರ ಮುಖ ನೋಡುತ್ತಿದ್ದೆ. ನನ್ನ ಕನ್ನಡ ಕೇಳಿದರೆ ಅವರಿಗೆ ನಗು.

ನನ್ನನ್ನು ನೋಡಿ ನಗದವಳು ಒಬ್ಬಳೇ, ನಿಶ್ಮಿತಾ. ಇಲ್ಲ, ಸುಳ್ಳು ಹೇಳಬಾರದು, ಅವಳೂ ನಕ್ಕಳು. ನಕ್ಕು ಆದಮೇಲೆ ಬಂದು ಪಕ್ಕದಲ್ಲಿ ಕುಳಿತಳು. "ನಿನ್ನ ಬುತ್ತಿಯಲ್ಲಿ ಎಂತ ಉಂಟು?" ಎಂದು ಕೇಳಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಒಂದು ತುಂಡು ಬಾಯಿಗೆ ಹಾಕಿಕೊಂಡು, "ಅಯ್ಯೋ, ರಟ್ಟು ತಿಂದ ಹಾಗೆ ಆಗ್ತದೆ ಮಾರಾಯ್ತಿ," ಎಂದವಳು ಚಟ್ನಿಯನ್ನು ಮಾತ್ರ ಬೆರಳಲ್ಲಿ ಒರೆಸಿ ಒರೆಸಿ ತಿಂದಳು. ಮರುದಿನದಿಂದ ಅವ್ವ ಚಟ್ನಿಯನ್ನು ಎರಡು ಪಾಲು ಕಟ್ಟತೊಡಗಿದಳು. ಹದಿನೈದು ದಿನಕ್ಕೆ ನಿಶ್ಮಿ ರೊಟ್ಟಿಯನ್ನೂ ತಿನ್ನಲು ಕಲಿತಳು.

ಇನ್ನು ಫುಟ್ಬಾಲ್. ಅದು ಶುರುವಾದದ್ದು ಆಟದ ಪ್ರೀತಿಯಿಂದ ಅಲ್ಲ, ನಮ್ಮ ಪಿ.ಟಿ. ಮಾಸ್ಟ್ರ ಲೆಕ್ಕಾಚಾರದಿಂದ. ಈ ಸೀಮೆಯಲ್ಲಿ ಹುಡುಗಿಯರೆಂದರೆ ತ್ರೋಬಾಲ್, ಇಲ್ಲವೇ ಕಬಡ್ಡಿ. ಶಾಲೆಗೊಂದು ಗಟ್ಟಿ ತಂಡ ಇರುತ್ತದೆ, ನಮ್ಮ ಶಾಲೆ ಹೋಬಳಿ ಮಟ್ಟದಲ್ಲೇ ಮಕಾಡೆ ಮಲಗುತ್ತಿತ್ತು. ಜೂನ್ ತಿಂಗಳ ಒಂದು ದಿನ ಮಾಸ್ಟ್ರು ಜಗಲಿಯಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದರು: "ನೋಡಿ, ಹುಡುಗಿಯರ ಫುಟ್ಬಾಲಿಗೆ ತಾಲೂಕಿನಲ್ಲಿ ತಂಡವೇ ಇಲ್ಲ. ನಾವು ಹೆಸರು ಕೊಟ್ಟರೆ ಸೀದಾ ಜಿಲ್ಲಾ ಮಟ್ಟ. ಸರ್ಟಿಫಿಕೇಟ್ ಗ್ಯಾರಂಟಿ. ಚೆಂಡು ಒದೆಯಲಿಕ್ಕೆ ಎಲ್ಲರಿಗೂ ಕಾಲು ಉಂಟಲ್ವಾ?"

ಹೀಗೆ ಕಾಲಿದ್ದವರೆಲ್ಲ ಫುಟ್ಬಾಲ್ ಆಟಗಾರ್ತಿಯರಾದೆವು. ಮಳೆಯಲ್ಲಿ ಶಾಲೆಯ ಕೆಂಪು ಮಣ್ಣಿನ ಮೈದಾನ ಕೆಸರಿನ ಗದ್ದೆಯಾಗಿರುತ್ತಿತ್ತು. ಚೆಂಡು ಒದ್ದರೆ ಚೆಂಡು ಅಲ್ಲೇ ಉಳಿದು ನಾವು ಜಾರಿ ಮುಂದೆ ಹೋಗುತ್ತಿದ್ದೆವು. ಆದರೆ ಎರಡನೆಯ ವಾರಕ್ಕೇ ನನಗೊಂದು ವಿಷಯ ಗೊತ್ತಾಯಿತು. ನನಗೆ ಈ ಆಟ ಬರುತ್ತದೆ. ಯಾರೂ ಕಲಿಸದೆ ಬರುತ್ತದೆ. ಚೆಂಡು ನನ್ನ ಕಾಲಿಗೆ ಬಂದ ಕೂಡಲೇ ಯಾರು ಎಲ್ಲಿ ಓಡುತ್ತಾಳೆ, ಎಲ್ಲಿ ಜಾಗ ಖಾಲಿ ಇದೆ ಎಲ್ಲ ಕಾಣುತ್ತಿತ್ತು. ಮಾಸ್ಟ್ರು ನನ್ನನ್ನು ನಡುವಿನಲ್ಲಿ ಆಡಿಸಿದರು. ನಿಶ್ಮಿಯನ್ನೂ ಅಲ್ಲೇ, ನನಗಿಂತ ನಾಲ್ಕು ಹೆಜ್ಜೆ ಹಿಂದೆ. ಅವಳ ಕಾಲು ನನ್ನಷ್ಟು ಚುರುಕಲ್ಲ, ಆದರೆ ಉಸಿರು ಕಟ್ಟಿ ಓಡುತ್ತಿದ್ದಳು.

ನನ್ನದೊಂದೇ ತೊಂದರೆ. ನಡುವಿನಲ್ಲಿ ಆಡುವವಳಿಗೆ ಬಹಳ ಸಲ ಚೆಂಡು ಬರುವುದು ಅವಳು ತನ್ನದೇ ಗೋಲಿನ ಕಡೆ ಮುಖ ಮಾಡಿದ್ದಾಗ. ಕಣ್ಣು ಚೆಂಡಿನ ಮೇಲೆ, ಎದುರಾಳಿಗಳೆಲ್ಲ ಬೆನ್ನ ಹಿಂದೆ. ಯಾರಾದರೂ ಮೈಮೇಲೆ ಬರುತ್ತಿದ್ದರೆ ಚೆಂಡನ್ನು ಒಂದೇ ಏಟಿಗೆ ವಾಪಸ್ ಕೊಡಬೇಕು. ಯಾರೂ ಇಲ್ಲದಿದ್ದರೆ ಗಿರಕಿ ಹೊಡೆದು ಮುಂದೆ ನುಗ್ಗಬೇಕು. ಆದರೆ ಯಾರಾದರೂ ಬರುತ್ತಿದ್ದಾರೋ ಇಲ್ಲವೋ ಎಂದು ಬೆನ್ನಿಗೆ ಹೇಗೆ ಗೊತ್ತಾಗಬೇಕು? ನಾನು ಬರೀ ಡಿಕ್ಕಿ ಹೊಡೆಸಿಕೊಂಡು ಬೀಳುತ್ತಿದ್ದೆ. ಈ ತೊಂದರೆಗೆ ಉಪಾಯ ಸಿಕ್ಕಿದ್ದು ಮೈದಾನದಲ್ಲಿ ಅಲ್ಲ, ಕಡಲ ಬದಿಯಲ್ಲಿ.

ನಿಶ್ಮಿಯ ಮನೆ ದೀಪಸ್ತಂಭದಿಂದ ಸ್ವಲ್ಪ ಆಚೆ. ಅಪ್ಪ ಮಸ್ಕತ್ತಿನಲ್ಲಿ, ಮನೆಯಲ್ಲಿ ಅಮ್ಮ ಮತ್ತು ಅಜ್ಜ. ಅಜ್ಜ ಕೈರಂಪಣಿಯವರು. ಕೈರಂಪಣಿ ಎಂದರೆ ದಡದಿಂದ ಎಳೆಯುವ ಬಲೆ. ದೋಣಿಯಲ್ಲಿ ಹೋಗಿ ಕಡಲಿಗೆ ಅರ್ಧ ಸುತ್ತು ಬಲೆ ಬಿಟ್ಟು ಬರುತ್ತಾರೆ, ಅದರ ಎರಡು ಹಗ್ಗಗಳನ್ನು ದಡದಲ್ಲಿ ಎರಡು ಗುಂಪು ಹಿಡಿದು ಎಳೆಯುತ್ತದೆ. ಎಳೆಯುವವರ ಮುಖ ಕಡಲಿಗೆ, ನಡಿಗೆ ಹಿಂದಕ್ಕೆ. ಮರಳಿನಲ್ಲಿ ಗುಂಡಿ ಇರುತ್ತದೆ, ಎಳೆದು ಹಾಕಿದ ದೋಣಿ ಇರುತ್ತದೆ, ಮಲಗಿದ ನಾಯಿ ಇರುತ್ತದೆ. ಯಾರೂ ತಿರುಗಿ ನೋಡುವಂತಿಲ್ಲ, ನೋಡಿದರೆ ಕೈಯ ಬಿಗಿ ಸಡಿಲುತ್ತದೆ. ಅದಕ್ಕೇ ಸಾಲಿನ ತುದಿಯಲ್ಲಿ ಹಗ್ಗ ಸುತ್ತುತ್ತ ಒಬ್ಬರು ನಿಲ್ಲುತ್ತಾರೆ. ಹಿಂದೆ ಏನಿದೆ ಎಂದು ನೋಡಿ ಕೂಗುವ ಕೆಲಸ ಅವರದು. ನಮ್ಮ ಸಾಲಿನಲ್ಲಿ ಆ ಜಾಗ ಅಜ್ಜನದು. ರಜೆಯ ದಿನ ಕೂಗುವುದನ್ನು ಮೊಮ್ಮಗಳಿಗೆ ಬಿಟ್ಟು ತಾವು ಹಗ್ಗ ಸುತ್ತುತ್ತಿದ್ದರು.

ಮೊದಲ ಸಲ ಹಗ್ಗ ಹಿಡಿದಾಗ ನಾನು ಎರಡು ಹೆಜ್ಜೆಗೊಮ್ಮೆ ಕತ್ತು ತಿರುಗಿಸುತ್ತಿದ್ದೆ. ಅಜ್ಜ ನನಗೆ ತಿಳಿಯಲೆಂದು ಕನ್ನಡದಲ್ಲಿ, ಒಂದೊಂದೇ ಅಕ್ಷರ ಜೋಡಿಸಿದ ಹಾಗೆ ಹೇಳಿದರು: "ಹಿಂದೆ ನೋಡಬೇಡ ಮಗಾ. ಹಿಂದೆ ಇರುವವರು ನೋಡ್ತಾರೆ. ನೀನು ಎಳಿ."

ಏನು ಮಾಡಲಿ, ಎಳೆದೆ. ಬೆನ್ನು ಹೋದತ್ತ ನಡೆದೆ. "ಪಿರವು!" ಎಂದು ನಿಶ್ಮಿ ಕೂಗಿದರೆ ಹಿಂದೆ ಏನೋ ಇದೆ ಎಂದರ್ಥ, ನಿಲ್ಲಬೇಕು. "ಇಜ್ಜಿ, ಇಜ್ಜಿ!" ಎಂದರೆ ಏನೂ ಇಲ್ಲ, ನಡೆಯುತ್ತ ಇರು. ನಾನು ಕಲಿತ ಮೊದಲ ಎರಡು ತುಳು ಮಾತುಗಳು ಇವೇ. ಬಲೆ ದಡಕ್ಕೆ ಬಂದಾಗ ಬೂತಾಯಿ ಮೀನು ಬೆಳ್ಳಗೆ ಕುಣಿಯುತ್ತಿತ್ತು. ಹಗ್ಗ ಮುಟ್ಟಿದವರಿಗೆಲ್ಲ ಪಾಲು ಉಂಟೆಂದು ಅಜ್ಜ ನನಗೂ ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಕೊಟ್ಟರು. ಹೆಮ್ಮೆಯಿಂದ ಮನೆಗೆ ಒಯ್ದೆ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. "ಎವ್ವಾ, ಏನ್ ನಾತ ಇದು! ಒಲಿ ಹತ್ರ ತಂದಿ ಅಂದ್ರ ನೋಡು!" ಪಕ್ಕದ ಶೆಡ್ಡಿನವರಿಗೆ ಆ ರಾತ್ರಿ ಹಬ್ಬವಾಯಿತು.

ಮರುದಿನ ಮೈದಾನದಲ್ಲಿ ನಿಶ್ಮಿಗೆ ಅದೇ ತೋಚಿತು. "ರೇಣು, ನಾನು ನಿನ್ನ ಬೆನ್ನು ನೋಡ್ತೇನೆ. ನೀನು ಚೆಂಡು ಮಾತ್ರ ನೋಡು. ಹಗ್ಗ ಎಳೆದ ಹಾಗೆಯೇ."

ಆ ಮಳೆಗಾಲವಿಡೀ ಹಾಗೆಯೇ ಆಡಿದೆವು. ಅವಳಿಂದ ಚೆಂಡು ಬರುವುದಕ್ಕೂ ಅವಳ ಕೂಗು ಬರುವುದಕ್ಕೂ ಸರಿಹೋಗುತ್ತಿತ್ತು. "ಪಿರವು!" ಎಂದರೆ ಚೆಂಡು ಅವಳಿಗೇ ವಾಪಸ್. "ಇಜ್ಜಿ!" ಎಂದರೆ ನಾನು ಕಣ್ಣು ಮುಚ್ಚಿ ತಿರುಗಿದ ಹಾಗೆ ತಿರುಗುತ್ತಿದ್ದೆ, ಮುಂದೆ ಇಡೀ ಮೈದಾನ ಬಯಲಾಗಿ ಕಾಣುತ್ತಿತ್ತು. ಆ ತಿರುವಿನಲ್ಲಿದ್ದ ಸುಖವನ್ನು ಹೇಗೆ ಹೇಳಲಿ? ಊರೂರು ತಿರುಗಿದ ನನಗೆ ನನ್ನದು ಅಂತ ಒಂದು ಜಾಗವೂ ಇರಲಿಲ್ಲ. ಬೆನ್ನು ಕಾಯಲು ಒಬ್ಬಳಿದ್ದಾಳೆ ಎಂಬುದೇ ನನಗೆ ಮನೆಯಿದ್ದ ಹಾಗೆ ಆಗಿತ್ತು.

ಜಿಲ್ಲಾ ಮಟ್ಟದ ಪಂದ್ಯ ಕಾರ್ಕಳದಲ್ಲಿ. ಮಾಸ್ಟ್ರ ಲೆಕ್ಕ ತಪ್ಪಿತ್ತು. ಉಳಿದ ಮಾಸ್ಟ್ರುಗಳೂ ಅದೇ ಲೆಕ್ಕ ಹಾಕಿ ತಂಡ ಕಟ್ಟಿಕೊಂಡು ಬಂದಿದ್ದರು! ಒಂದೇ ದಿನಕ್ಕೆ ಮೂರು ಪಂದ್ಯ ಆಡಿದೆವು. ಅರ್ಧ ತಂಡಕ್ಕೆ ಬೂಟಿಲ್ಲ, ಒಂದು ಪಂದ್ಯ ಮುಗಿಸಿದವರ ಬೂಟನ್ನು ಇನ್ನೊಂದು ಪಂದ್ಯದವರು ಹಾಕಿಕೊಳ್ಳುತ್ತಿದ್ದರು. ನಾವು ಗೆದ್ದೆವು. ಕೊನೆಯ ಗೋಲಿಗೆ ನಾನು ನಿಶ್ಮಿಯ "ಇಜ್ಜಿ!" ಕೇಳಿ ತಿರುಗಿ ಕೊಟ್ಟ ಚೆಂಡೇ ಕಾರಣ. ವಾಪಸ್ ಬರುವಾಗ ಬಸ್ಸಿನಲ್ಲಿ ಮಾಸ್ಟ್ರು ಎಲ್ಲರಿಗೂ ಗೋಳಿಬಜೆ ಕೊಡಿಸಿದರು. ಎಣ್ಣೆ ಕೈಯನ್ನು ನಿಶ್ಮಿ ನನ್ನ ಅಂಗಿಗೆ ಒರೆಸಿದಳು, ನಾನು ಅವಳ ಅಂಗಿಗೆ ಒರೆಸಿದೆ.

ಅದೇ ವಾರ ಎರಡು ಸುದ್ದಿ ಬಂದವು. ಮೊದಲನೆಯದು ನಮ್ಮ ಶೆಡ್ಡಿಗೆ. ಪಡುಬಿದ್ರಿಯವರೆಗಿನ ಕೆಲಸ ದೀಪಾವಳಿಯೊಳಗೆ ಮುಗಿಯುತ್ತದೆ, ಮುಂದಿನ ಕ್ಯಾಂಪ್ ನಾಗ್ಪುರದ ಕಡೆ. "ಅಲ್ಲಿ ಕನ್ನಡ ಸಾಲಿ ಐತೇನ್ರಿ?" ಎಂದು ಅವ್ವ ಕೇಳಿದಳು. ಅಪ್ಪ ಬೀಡಿ ಹೊತ್ತಿಸಿದ. ಇಲ್ಲ ಎಂದೇ ಅರ್ಥ. ನನ್ನ ಓದು ಎಂಟಕ್ಕೆ ಮುಗಿಯುವುದರಲ್ಲಿತ್ತು.

ಎರಡನೆಯದು ಶಾಲೆಗೆ. ಮಣಿಪಾಲದಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ನಡೆಯುತ್ತದೆ, ನಾನೂ ನಿಶ್ಮಿಯೂ ಹೋಗಬೇಕು. ಆಯ್ಕೆಯಾದರೆ ಊಟ, ಓದು, ಆಟ ಎಲ್ಲ ಅಲ್ಲೇ, ಹತ್ತನೆಯವರೆಗೆ. ನಾನು ಅಪ್ಪನ ಕಾಲು ಹಿಡಿಯುವುದೊಂದು ಬಾಕಿ. "ಸೀಟ್ ಸಿಕ್ರ ಇಲ್ಲೇ ಇರು. ಸಿಗಲಿಲ್ಲಂದ್ರ ಸುಮ್ನ ಗಂಟು ಕಟ್ಟು," ಎಂದ ಅಪ್ಪ. ಇದಿಷ್ಟನ್ನೂ ಕಡಲ ಬದಿಯಲ್ಲಿ ಕೂತು ನಿಶ್ಮಿಗೆ ಹೇಳಿದೆ. ನಾಗ್ಪುರ, ಶಾಲೆ, ಗಂಟು, ಒಂದನ್ನೂ ಬಿಡಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡು, "ನಾವಿಬ್ಬರೂ ಒಟ್ಟಿಗೆ ಹೋಗುವಾ. ಒಂದೇ ರೂಮು ಕೇಳುವಾ," ಎಂದಳು.

ಅವಳು ಹೇಳದ ಒಂದು ಮಾತಿತ್ತು. ನನಗೆ ಗೊತ್ತಾದದ್ದು ಆಮೇಲೆ, ನಿಮಗೆ ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು. ಹಿಂದಿನ ಸಂಜೆ ಮಾಸ್ಟ್ರು ಅವಳ ಮನೆಗೆ ಹೋಗಿ ಚಾ ಕುಡಿದು ಬಂದಿದ್ದರು. ನಡುವಿನ ಜಾಗಕ್ಕೆ ಈ ಜಿಲ್ಲೆಯಿಂದ ಒಬ್ಬಳನ್ನೇ ತೆಗೆದುಕೊಳ್ಳುವುದು ಎಂದು ಹೇಳಿ ಬಂದಿದ್ದರು. ನಮ್ಮ ಶೆಡ್ಡಿನ ಮುಂದಿನಿಂದಲೇ ಅವರ ಬೈಕು ದಾಟಿತ್ತು. ನಾನು ಕೈ ಎತ್ತಿ ನಮಸ್ಕಾರ ಮಾಡಿದ್ದೆ, ಅವರೂ ತಲೆಯಾಡಿಸಿದ್ದರು.

ಮಣಿಪಾಲದ ಮೈದಾನದಲ್ಲಿ ನಿಜವಾದ ಹುಲ್ಲಿತ್ತು. ಕತ್ತರಿಸಿದ ಹುಲ್ಲಿನ ವಾಸನೆಗೆ ನನಗೆ ತಲೆ ತಿರುಗಿದಂತಾಯಿತು. ಬಗ್ಗಿ ಒಂದು ಹಿಡಿ ಕಿತ್ತು ಮೂಸಿದೆ. "ಎಂತ, ದನವಾ ನೀನು?" ಎಂದಳು ನಿಶ್ಮಿ. ಬೇರೆ ದಿನವಾದರೆ ಹೀಗೆಂದು ನನ್ನ ಮೇಲೆ ಬಿದ್ದು ನಗುತ್ತಿದ್ದಳು, ಅವತ್ತು ನಗಲಿಲ್ಲ. ಭಯ ಆಗಿರಬೇಕು ಎಂದುಕೊಂಡೆ. ಅಜ್ಜನೂ ಬಂದಿದ್ದರು. ಬಿಳಿ ಮುಂಡು, ಕಂಕುಳಲ್ಲಿ ಕೊಡೆ, ಗೆರೆಯ ಆಚೆ ನಮ್ಮ ಹತ್ತಿರವೇ ನಿಂತಿದ್ದರು.

ಇಪ್ಪತ್ತೆರಡು ಹುಡುಗಿಯರನ್ನು ಎರಡು ಭಾಗ ಮಾಡಿ ಆಡಿಸಿದರು. ನಾನೂ ನಿಶ್ಮಿಯೂ ಒಂದೇ ಕಡೆ. ನಾನು ಚೆನ್ನಾಗಿ ಆಡಿದೆ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಯಾಕೆಂದರೆ ಬೇರೆ ಯಾರೂ ಹೇಳಲಿಲ್ಲ. ಟೊಪ್ಪಿ ಹಾಕಿದ ಆಯ್ಕೆಗಾರರೊಬ್ಬರು ಎರಡು ಸಲ ನನ್ನ ನಂಬರು ಕೇಳಿ ಬರೆದುಕೊಂಡರು. ನಿಶ್ಮಿ ಅದನ್ನು ನೋಡಿದಳು.

ಆಮೇಲೆ ಚೆಂಡು ಅವಳ ಕಾಲಿಗೆ ಬಂತು. ನಾನು ಎಂದಿನ ಹಾಗೆ ಅವಳ ಕಡೆ ಓಡಿ ಬಂದೆ, ಬೆನ್ನು ಎದುರಾಳಿಗಳಿಗೆ. ಅವಳ ಮುಖ ನನ್ನ ಎದುರಿಗೆ, ನನ್ನ ಬೆನ್ನ ಹಿಂದಿನದೆಲ್ಲ ಅವಳಿಗೆ ನಿಚ್ಚಳ. ಚೆಂಡು ಕೊಟ್ಟಳು. ಕೊಡುತ್ತಲೇ ಕೂಗಿದಳು.

"ಇಜ್ಜಿ!"

ನಾನು ತಿರುಗಿದೆ. ಎದೆ ತೆರೆದು, ಕೈ ಬಿಟ್ಟು, ಪೂರ್ತಿ ತಿರುಗಿದೆ. ಎತ್ತರದ ಹುಡುಗಿಯೊಬ್ಬಳು ಓಡಿ ಬರುತ್ತಿದ್ದವಳು ನನ್ನ ಮೈಮೇಲೆಯೇ ಇದ್ದಳು. ಅವಳ ತಪ್ಪೇನೂ ಇಲ್ಲ, ಅವಳು ಚೆಂಡಿಗೆ ಬಂದವಳು. ನನ್ನ ಬಲಗಾಲು ಅವಳ ಕಾಲ ಕೆಳಗೆ ಮಡಚಿಕೊಂಡಿತು. ಬಿದ್ದಲ್ಲಿಂದ ನೋಡಿದರೆ ಆಕಾಶ, ಹುಲ್ಲು, ನಿಶ್ಮಿಯ ಬೂಟು. ಆ ಬೂಟು ಬಹಳ ಹೊತ್ತು ಅಲುಗಲಿಲ್ಲ.

ಕಾಲಿನ ಹರಡು ಊದಿ ಕುಂಬಳಕಾಯಿಯಾಯಿತು. ಉಳಿದ ಆಟವನ್ನು ನಾನು ಗೆರೆಯ ಆಚೆ ಕೂತು ನೋಡಿದೆ. ಅಜ್ಜ ಎಲ್ಲಿಂದಲೋ ಎರಡು ಐಸ್‌ಕ್ಯಾಂಡಿ ತಂದು, ಕಾಗದದ ಸಮೇತ ನನ್ನ ಕಾಲಿಗೆ ಒತ್ತಿ ಹಿಡಿದರು. ಕಿತ್ತಳೆ ಬಣ್ಣದ ನೀರು ಹುಲ್ಲಿಗೆ ಇಳಿಯಿತು. ಅವರ ಕಣ್ಣು ಮಾತ್ರ ಮೈದಾನದಲ್ಲಿದ್ದ ಮೊಮ್ಮಗಳ ಮೇಲೇ ಇತ್ತು. ನೋವಿಗಿಂತ ನನಗೆ ಆ ನೋಟವೇ ಹೆದರಿಕೆ ಹುಟ್ಟಿಸಿತು, ಯಾಕೆ ಎಂದು ಆಗ ತಿಳಿಯಲಿಲ್ಲ.

ಆಟ ಮುಗಿದ ಮೇಲೆ ನಿಶ್ಮಿ ಬಂದು ಪಕ್ಕದಲ್ಲಿ ಕೂತಳು. ಬೂಟಿನ ಲೇಸು ಬಿಚ್ಚುತ್ತ, "ನೋಡ್ಲಿಲ್ಲ ಮಾರಾಯ್ತಿ. ಬಿಸಿಲು ಕಣ್ಣಿಗೆ ಹೊಡೀತು," ಎಂದಳು.

"ಹೋಗ್ಲಿ ಬಿಡು," ಎಂದೆ. ಅವಳಿಗೆ ಸಮಾಧಾನ ಹೇಳಿದವಳು ನಾನೇ! ಬಸ್ಸಿನಲ್ಲಿ ಅವಳ ಹೆಗಲಿಗೆ ತಲೆ ಆನಿಸಿಕೊಂಡು ಬಂದೆ. ಅವತ್ತು ಬೆಳಗಿನಿಂದ ಸಂಜೆಯವರೆಗೆ ಮಣಿಪಾಲದ ಮೇಲೆ ಮೋಡ ಕವಿದಿತ್ತು, ಬಿಸಿಲೇ ಇರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ನಂಬುವವರ ಕಣ್ಣಿಗೆ ಬಿಸಿಲು ಕೂಡ ಕಾಣುತ್ತದೆ ನೋಡಿ.

ಅವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. ಭಾನುವಾರದ ಹೊತ್ತಿಗೆ ಕುಂಟುತ್ತ ನಡೆಯುವಷ್ಟಾಯಿತು. ಕಡಲ ಬದಿಗೆ ಹೋದೆ. ಬಲೆ ಬಿಟ್ಟಾಗಿತ್ತು, ಹಗ್ಗ ದಡಕ್ಕೆ ಬಂದಿತ್ತು, ಜನ ಸಾಲು ನಿಂತಿದ್ದರು. ನಾನು ಮಗುಚಿ ಹಾಕಿದ ದೋಣಿಯ ಮೇಲೆ ಕೂತೆ. ನಿಶ್ಮಿ ಎಂದಿನ ಹಾಗೆ ಸಾಲಿನ ತುದಿಗೆ, ತನ್ನ ಜಾಗಕ್ಕೆ ಬಂದು ನಿಂತಳು.

ಅಜ್ಜ ಹಗ್ಗ ಸುತ್ತುತ್ತಿದ್ದವರು ಕೈ ನಿಲ್ಲಿಸಿದರು.

"ನೀನು ಕೂಗುವುದು ಬೇಡ," ಎಂದರು.

"ಯಾಕಜ್ಜ?"

"ಹಿಂದಕ್ಕೆ ನಡೆಯುವವರು ನಿನ್ನನ್ನು ನಂಬಿ ನಡೆಯುವುದಲ್ವಾ."

ಅಷ್ಟೇ. ಮನೆಯಲ್ಲಿ ಮೊಮ್ಮಗಳ ಜೊತೆ ಒಂದು ದಿನವೂ ಕನ್ನಡ ಆಡದ ಮನುಷ್ಯ ಆ ಎರಡು ಮಾತನ್ನು ಕನ್ನಡದಲ್ಲಿ ಆಡಿದರು, ದೋಣಿಯ ಮೇಲೆ ಕೂತ ನನಗೂ ಕೇಳುವ ಹಾಗೆ. ನಿಶ್ಮಿ ತಲೆ ತಗ್ಗಿಸಿ ಗಾಳಿಮರಗಳ ಕಡೆ ನಡೆದಳು. ಅಜ್ಜ ತಾವೇ ಅವಳ ಜಾಗಕ್ಕೆ ಬಂದು ನಿಂತು ಕೂಗತೊಡಗಿದರು, ಸಾಲು ಹಿಂದಕ್ಕೆ ಸರಿಯತೊಡಗಿತು.

ಆಗ ನನಗೆ ಮಣಿಪಾಲದ ಆ ಕೂಗು ನೆನಪಾಯಿತು. ಕುಂಟಿಕೊಂಡೇ ಅವಳ ಹಿಂದೆ ಹೋದೆ. ಗಾಳಿಮರಗಳ ಹತ್ತಿರ ಸಿಕ್ಕಳು.

"ನೀ ಆಕೀನ್ನ ನೋಡಿದ್ದಿ," ಎಂದೆ. ಸಿಟ್ಟು ಬಂದರೆ ನನ್ನ ಊರ ಮಾತೇ ಬಾಯಿಗೆ ಬರುತ್ತದೆ. "ನೋಡಿನೂ ಇಜ್ಜಿ ಅಂದಿ. ಹೌದಿಲ್ಲೋ?"

ಅವಳು ಅಳುತ್ತಿದ್ದಳು. ನಾನು ಕಾದೆ. ತಪ್ಪಾಯಿತು ಎನ್ನಲಿ, ಸಾಕು, ಮಾಫ್ ಮಾಡಿಬಿಡುತ್ತೇನೆ ಎಂದುಕೊಂಡೆ. ದೇವರಾಣೆ, ಮಾಡಿಯೂ ಬಿಡುತ್ತಿದ್ದೆ.

"ಒಂದೇ ಸೀಟು ಇದ್ದದ್ದು ರೇಣು. ಮಾಸ್ಟ್ರು ಹೇಳಿದರು," ಎಂದಳು. ಆಮೇಲೆ ಮೂಗು ಒರೆಸಿಕೊಂಡು, "ನೀವು ಹೇಗೂ ಹೋಗುವವರಲ್ವಾ?" ಎಂದಳು.

ನೀನು ಎನ್ನಲಿಲ್ಲ, ನೀವು ಎಂದಳು. ಚಟ್ನಿ ಒರೆಸಿ ತಿಂದವಳು, ನನ್ನ ಅಂಗಿಗೆ ಕೈ ಒರೆಸಿದವಳು, ನನ್ನನ್ನು ಆ ತಗಡಿನ ಸಾಲಿಗೆ ಸೇರಿಸಿ ಒಟ್ಟಿಗೆ ಬಸ್ಸು ಹತ್ತಿಸಿಬಿಟ್ಟಳು. ಹರಡಿನ ನೋವು ಎರಡು ವಾರದಲ್ಲಿ ಹೋಯಿತು. ಆ ಮಾತು ಇನ್ನೂ ಇದೆ.

ಪಟ್ಟಿ ಬಂತು. ಅವಳ ಹೆಸರಿತ್ತು. ಮಾಸ್ಟ್ರು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಅವಳಿಗೆ ಚಪ್ಪಾಳೆ ಹೊಡೆಸಿದರು. ಆಮೇಲೆ ನನ್ನನ್ನು ಕರೆದು, "ಬೇಜಾರು ಮಾಡ್ಬೇಡ. ನಿನ್ನ ಅಪ್ಪ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಊರಿನ ಮಕ್ಕಳಾದರೆ ಹೆಸರು ಶಾಲೆಗೇ ಉಳೀತದೆ," ಎಂದರು. ಕಾರ್ಕಳದಲ್ಲಿ ಶಾಲೆಗೆ ಕಪ್ ತಂದುಕೊಟ್ಟಾಗ ನಾನು ಯಾವ ಊರಿನ ಮಗು ಆಗಿದ್ದೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಹದಿಮೂರು ವರ್ಷ ನನಗೆ. ಇಂಥ ಪ್ರಶ್ನೆಗಳೆಲ್ಲ ಬಾಯಿಗೆ ಬರುವುದು ಹತ್ತು ವರ್ಷ ತಡವಾಗಿ.

ಅವ್ವನಿಗೆ ಎಲ್ಲ ಹೇಳಿದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಉಂಡ ಮನೀ ಗಳಾ ಎಣಿಸ್ಯಾಳ ಹುಡುಗಿ," ಎಂದಳು. ಮತ್ತೆ ರೊಟ್ಟಿ ತಟ್ಟುತ್ತ, "ಹೋಗ್ಲಿ, ಸಣ್ಣಾಕಿ ಅದಾಳ," ಎಂದೂ ಸೇರಿಸಿದಳು. ಆ ಎರಡನೆಯ ಮಾತಿಗೆ ನಾನು ಅವ್ವನ ಮೇಲೂ ಸಿಟ್ಟಾದೆ.

ದೀಪಾವಳಿಗೆ ಮೊದಲು ಲಾರಿ ಬಂತು. ತಗಡುಗಳನ್ನು ಬಿಚ್ಚಿ ಲಾರಿಗೆ ಹಾಕಿದರು, ಅದರ ಮೇಲೆ ನಾವು. ಅಜ್ಜ ಒಬ್ಬರೇ ಬಂದಿದ್ದರು. ಒಂದು ತೊಟ್ಟೆಯಲ್ಲಿ ಅವಲಕ್ಕಿ, ಬೆಲ್ಲ ತಂದಿದ್ದರು, ಅವ್ವ ಮೀನು ಮುಟ್ಟುವುದಿಲ್ಲ ಎಂಬುದು ನೆನಪಿತ್ತು ಅವರಿಗೆ. ನನ್ನ ತಲೆ ಮುಟ್ಟಿದರು. ಲಾರಿ ಅಪ್ಪನೇ ಹಾಸಿದ ಹೊಸ ರಸ್ತೆಯ ಮೇಲೆ ನುಣ್ಣಗೆ ಹೋಯಿತು.

ನಾಗ್ಪುರದಲ್ಲಿ ಒಂದೂವರೆ ವರ್ಷ ನಾನು ಶಾಲೆಯ ಮುಖ ನೋಡಲಿಲ್ಲ. ಅವ್ವನ ಜೊತೆ ಜಲ್ಲಿ ಹೊತ್ತೆ. ಸಂಜೆ ಕ್ಯಾಂಪಿನ ಗಂಡುಹುಡುಗರ ಜೊತೆ ಚೆಂಡು ಒದ್ದೆ. ಅಲ್ಲಿ ನನಗಾಗಿ ಕೂಗುವವರು ಯಾರೂ ಇರಲಿಲ್ಲ. ಯಾರಾದರೂ ಕೂಗಿದ್ದರೂ ನಾನು ನಂಬುತ್ತಿರಲಿಲ್ಲ. ಚೆಂಡು ಬರುವ ಮೊದಲೇ ಕತ್ತು ತಿರುಗಿಸಿ ಹಿಂದೆ ನೋಡುವುದು ಆಗ ಹಿಡಿದ ಚಟ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತೆ ಎಡಕ್ಕೆ. ಆಮೇಲೆ ಸೋದರಮಾವ ನನ್ನನ್ನು ಕೊಪ್ಪಳಕ್ಕೆ ಕರೆದೊಯ್ದು ಮತ್ತೆ ಶಾಲೆಗೆ ಸೇರಿಸಿದ. ಅಲ್ಲಿಂದ ಕಾಲೇಜು ತಂಡ, ರಾಜ್ಯದ ತಂಡ. ಈಗ ಒಂದು ಕ್ಲಬ್ಬಿಗೆ ನಡುವಿನಲ್ಲಿ ಆಡುತ್ತೇನೆ, ಅದೇ ನನ್ನ ಉದ್ಯೋಗ. ಅಪ್ಪ ರಸ್ತೆ ಕೆಲಸ ಬಿಟ್ಟಿದ್ದಾನೆ.

ನಮ್ಮ ಕೋಚ್ ಹೊಸ ಹುಡುಗಿಯರಿಗೆ ನನ್ನ ವಿಡಿಯೋ ಹಾಕಿ ತೋರಿಸುತ್ತಾರೆ. ಚೆಂಡು ಬರುವ ಮೊದಲು ಇವಳು ಎಷ್ಟು ಸಲ ಹಿಂದೆ ನೋಡುತ್ತಾಳೆ ಎಣಿಸಿ, ಇದು ಹುಟ್ಟಿನಿಂದ ಬರಬೇಕು, ಕಲಿಸಿದರೆ ಬರುವುದಲ್ಲ ಎನ್ನುತ್ತಾರೆ. ಹುಡುಗಿಯರು ಕಣ್ಣರಳಿಸಿ ನನ್ನನ್ನು ನೋಡುತ್ತಾರೆ. "ಅಕ್ಕಾ, ನಿಮಗೆ ಯಾರು ಹೇಳಿಕೊಟ್ಟರು?" ಎಂದು ಒಬ್ಬಳು ಕೇಳಿದಳು. "ಒಬ್ಬಳು ಗೆಳತಿ," ಎಂದೆ. ಅದು ಸುಳ್ಳಲ್ಲವಲ್ಲ.

ಈ ವರ್ಷ ರಜೆಯಲ್ಲಿ ಮಣಿಪಾಲಕ್ಕೆ ಒಂದು ಕೆಲಸದ ಮೇಲೆ ಬಂದವಳು ಮನಸ್ಸು ತಡೆಯದೆ ಕಾಪುವಿನಲ್ಲಿ ಬಸ್ಸಿಳಿದೆ. ನಮ್ಮ ಶೆಡ್ಡು ಎಲ್ಲಿತ್ತೆಂದು ಗುರುತು ಹತ್ತಲಿಲ್ಲ, ಅಲ್ಲೀಗ ಸರ್ವಿಸ್ ರಸ್ತೆ. ಅಜ್ಜ ತೀರಿಕೊಂಡು ಬಹಳ ಕಾಲವಾಯಿತಂತೆ. ಇದನ್ನು ಹೇಳಿದವಳು ನಿಶ್ಮಿಯೇ. ನಾನು ಬಂದ ಸುದ್ದಿ ಯಾರಿಂದಲೋ ಕೇಳಿ ಕಡಲ ಬದಿಗೆ ಬಂದಿದ್ದಳು, ಜೊತೆಗೆ ನಾಲ್ಕು ವರ್ಷದ ಮಗಳು.

"ಟಿವಿಯಲ್ಲಿ ನೋಡ್ತೇನೆ ನಿನ್ನನ್ನು," ಎಂದಳು.

"ನೀನು ಆಡ್ತಿಲ್ವಾ?"

"ಹಾಸ್ಟೆಲಲ್ಲಿ ಒಂದು ವರ್ಷ ಇದ್ದೆ. ಆಮೇಲೆ ಆಗ್ಲಿಲ್ಲ. ಮನೆಯ ನೆನಪು."

ಮನೆಯ ನೆನಪಂತೆ! ನನ್ನ ಓದು, ನನ್ನ ಜಾಗ, ನನ್ನ ಒಂದೂವರೆ ವರ್ಷ ತಿಂದವಳು ಅದನ್ನು ಜೀರ್ಣ ಕೂಡ ಮಾಡಿಕೊಳ್ಳಲಿಲ್ಲ. ಕಿತ್ತುಕೊಂಡದ್ದನ್ನು ಇಟ್ಟುಕೊಂಡಿದ್ದರೆ ಬಹುಶಃ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಗು ತನ್ನ ಪ್ಲಾಸ್ಟಿಕ್ ಚೆಂಡನ್ನು ತಂದು ಅಮ್ಮನ ಕಾಲ ಬಳಿ ಇಟ್ಟು, ನನ್ನ ಕಡೆ ಕೈ ತೋರಿಸಿತು. ಆಂಟಿಗೆ ಕೊಡು ಎಂದು.

ನಾನು ಅವರ ಕಡೆ ಮುಖ ಮಾಡಿ ನಿಂತಿದ್ದೆ, ಬೆನ್ನು ದೀಪಸ್ತಂಭಕ್ಕೆ. ನಿಶ್ಮಿ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಚೆಂಡನ್ನು ನನ್ನ ಕಡೆ ತಳ್ಳಿದಳು. ತಳ್ಳುತ್ತಲೇ ಅವಳ ಬಾಯಿಂದ, ಅವಳಿಗೇ ತಿಳಿಯದ ಹಾಗೆ, ಹಳೆಯ ಕೂಗು ಬಂತು.

"ಇಜ್ಜಿ!"

ನನ್ನ ಕತ್ತು ಹಿಂದಕ್ಕೆ ತಿರುಗಿತು. ನಾನು ತಿರುಗಿಸಿದ್ದಲ್ಲ, ಅದೇ ತಿರುಗಿತು.

ಹಿಂದೆ ಯಾರೂ ಇರಲಿಲ್ಲ. ದೀಪಸ್ತಂಭದ ಬಂಡೆಯವರೆಗೂ ಬರೀ ಮರಳು. ಮತ್ತೆ ಮುಂದೆ ನೋಡುವಷ್ಟರಲ್ಲಿ ಚೆಂಡು ನನ್ನ ಕಾಲ ಪಕ್ಕದಿಂದ ದಾಟಿ ಹೋಗಿತ್ತು. ಮಗು ಅದರ ಹಿಂದೆ ಓಡಿತು. ನಾನು ತಿರುಗಿ ನೋಡಿದ್ದನ್ನು ನಿಶ್ಮಿ ನೋಡಿದ್ದಳು. ನೆರಿಗೆ ಹಿಡಿದ ಕೈ ಹಾಗೆಯೇ ಇತ್ತು.